ನೋವಿಗೆ ಪಟ್ಟಿಯೋ, ಮಾತ್ರೆಯೋ?

ಕೆಲವು ತಿಂಗಳ ಹಿಂದೆ ಒಂದು ಭಾನುವಾರ ಬೆಳಗ್ಗೆ ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರನ್ನು ಅವರ ಸೊಸೆ ಆಟೋದಲ್ಲಿ ಕರೆತಂದರು. "ಮಾವನವರು ಎಷ್ಟು ಕರೆದರೂ ಸರಿಯಾಗಿ ಏಳುತ್ತಿಲ್ಲ ಡಾಕ್ಟ್ರೇ. ಕಾಫಿ ಕೂಡ ಮುಟ್ಟಲಿಲ್ಲ" ಎಂದರು. ಮೇಷ್ಟ್ರಿಗೆ 73 ವರ್ಷ. ಸಕ್ಕರೆ ಕಾಯಿಲೆ ಇಲ್ಲ, ಲಕ್ವ ಹೊಡೆದ ಲಕ್ಷಣವೂ ಕಾಣಲಿಲ್ಲ. ಆದರೆ ಕಣ್ಣಿನ ಪಾಪೆಗಳು ಸಾಸಿವೆ ಕಾಳಿನಷ್ಟಾಗಿದ್ದವು. ಉಸಿರು ನಿಮಿಷಕ್ಕೆ ಏಳೆಂಟು ಸಲ ಮಾತ್ರ. ಪಂಚೆ ಸರಿಸಿ ನೋಡಿದರೆ ಬಲ ಮಂಡಿಯ ಮೇಲೆ ತೆಳ್ಳನೆಯ ಒಂದು ಅಂಟುಪಟ್ಟಿ.

ಪಕ್ಕದ ಮನೆಯ ಯಜಮಾನರು ಕ್ಯಾನ್ಸರಿನಿಂದ ತೀರಿಕೊಂಡು ಒಂದು ತಿಂಗಳಾಗಿತ್ತು. ಅವರಿಗೆಂದು ತಂದಿದ್ದ ಫೆಂಟನಿಲ್ ಪಟ್ಟಿಗಳಲ್ಲಿ ಎರಡು ಉಳಿದಿದ್ದವು. "ದುಡ್ಡು ಕೊಟ್ಟು ತಂದದ್ದು ಸುಮ್ಮನೆ ಹಾಳಾಗುತ್ತೆ. ಮೇಷ್ಟ್ರು ಮಂಡಿನೋವು ಅಂತ ಒದ್ದಾಡ್ತಾರೆ" ಎಂದು ಆ ಮನೆಯವರು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿದ್ದರು. ಪಟ್ಟಿ ಕಿತ್ತು, ತೊಳೆದು, ತಕ್ಷಣ ಆಸ್ಪತ್ರೆಗೆ ಕಳುಹಿಸಿದೆ. ಅಲ್ಲಿ ಪ್ರತ್ಯೌಷಧ ಕೊಟ್ಟು ಒಂದೂವರೆ ದಿನ ಕಾವಲಿದ್ದು ನೋಡಿಕೊಂಡರು. ಮೇಷ್ಟ್ರು ಉಳಿದರು. ವಾರದ ಮೇಲೆ ಬಂದವರು, "ಮಾತ್ರೆ ನುಂಗಿದರೆ ಹೊಟ್ಟೆ ಕೆಡುತ್ತೆ ಅಂತ ಪಟ್ಟಿ ಹಾಕಿಕೊಂಡೆ. ಚರ್ಮದ ಮೇಲೆ ತಾನೇ, ಒಳಗೆ ಏನು ಹೋದೀತು ಅಂದುಕೊಂಡೆ" ಎಂದು ನಾಚಿಕೊಂಡರು.

"ಚರ್ಮದ ಮೇಲೆ ತಾನೇ" ಎಂಬ ಮಾತನ್ನು ನಾನು ಈಗ ವಾರಕ್ಕೆ ಒಮ್ಮೆಯಾದರೂ ಕೇಳುತ್ತೇನೆ. ಅದರ ಜೊತೆಗೇ ಇನ್ನೊಂದು ಮಾತು: "ಮಾತ್ರೆ ಹಳೇ ಕಾಲದ್ದಲ್ವಾ ಡಾಕ್ಟ್ರೇ, ಪಟ್ಟಿ ಬರೆದುಕೊಡಿ." ನೋವಿಗೆ ಪಟ್ಟಿ ಒಳ್ಳೆಯದೋ ಮಾತ್ರೆ ಒಳ್ಳೆಯದೋ ಎಂದು ಒಟ್ಟಾರೆಯಾಗಿ ಕೇಳಿದರೆ ಉತ್ತರ ಸಿಗದು. ಯಾವ ನೋವು, ಯಾವ ಔಷಧಿ ಎಂದು ಕೇಳಿದರೆ ಉತ್ತರ ಬಹಳ ಸ್ಪಷ್ಟ. ನನ್ನ ಅನುಭವದಲ್ಲಿ ನಮ್ಮ ಮನೆಗಳಲ್ಲಿ ನಡೆಯುತ್ತಿರುವುದು ತಲೆಕೆಳಗು. ಚರ್ಮದ ಮೇಲೆ ಹಚ್ಚಿದರೆ ಸಾಕಾಗುವ ಮಂಡಿನೋವಿಗೆ ವರ್ಷಗಟ್ಟಲೆ ಮಾತ್ರೆ ನುಂಗುತ್ತೇವೆ. ಕೆಲವೇ ರೂಪಾಯಿಯ ಮಾತ್ರೆಯಿಂದ ಹತೋಟಿಗೆ ಬರುವ ಕ್ಯಾನ್ಸರ್ ನೋವಿಗೆ ಸಾಲ ಮಾಡಿ ಪಟ್ಟಿ ಹುಡುಕುತ್ತೇವೆ.

ಒಂದೇ ಹೆಸರು, ನಾಲ್ಕು ಔಷಧಿ

ಗೊಂದಲ ಶುರುವಾಗುವುದು ಹೆಸರಿನಿಂದಲೇ. ನಾವು ಪಟ್ಟಿ, ಪ್ಲಾಸ್ಟರ್, ಪ್ಯಾಚ್ ಎಂದು ಕರೆಯುವುದರಲ್ಲಿ ಕನಿಷ್ಠ ನಾಲ್ಕು ಬಗೆಗಳಿವೆ.

ಮೊದಲನೆಯದು ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುವ ಪ್ಲಾಸ್ಟರ್. ಮೆಂಥಾಲ್, ಕರ್ಪೂರ, ಮೆಣಸಿನಕಾಯಿಯ ಖಾರದ ಸಾರ ಮುಂತಾದವು ಇದರಲ್ಲಿರುತ್ತವೆ. ಚರ್ಮ ತಣ್ಣಗಾಗುತ್ತದೆ ಅಥವಾ ಬಿಸಿಯಾಗುತ್ತದೆ. ಆ ಸುದ್ದಿ ಮಿದುಳಿಗೆ ಹೋಗುವ ಭರದಲ್ಲಿ ನೋವಿನ ಸುದ್ದಿ ಸ್ವಲ್ಪ ಹಿಂದೆ ಬೀಳುತ್ತದೆ. ನಮ್ಮ ಅಜ್ಜಿಯಂದಿರು ಹಣೆಗೆ ಹಾಕುತ್ತಿದ್ದ ಶುಂಠಿ ಪಟ್ಟು ಇದೇ ಜಾತಿಯದು. ಸೊಂಟ ಉಳುಕಿದಾಗ ಎರಡು ದಿನ ಹಾಕಿಕೊಳ್ಳಲು ಅಡ್ಡಿಯಿಲ್ಲ. ಚರ್ಮ ಕೆಂಪಾಗಿ ಉರಿದರೆ ತೆಗೆದುಬಿಡಬೇಕು, ಅಷ್ಟೆ.

ಎರಡನೆಯದು ಡೈಕ್ಲೊಫೆನಾಕ್‌ನಂಥ ಉರಿಯೂತ ಇಳಿಸುವ ಔಷಧಿಯ ಪಟ್ಟಿ. ಇದೇ ಔಷಧಿ ಮಾತ್ರೆಯಾಗಿ, ಚುಚ್ಚುಮದ್ದಾಗಿ, ಟ್ಯೂಬಿನಲ್ಲಿ ಬರುವ ಜೆಲ್ ಆಗಿ ನಿಮಗೆಲ್ಲ ಪರಿಚಿತ. ಪಟ್ಟಿಯ ಅಥವಾ ಜೆಲ್‌ನ ಔಷಧಿ ಚರ್ಮದ ಕೆಳಗಿನ ಸ್ನಾಯು, ಕೀಲುಗಳ ತನಕ ಇಳಿಯುತ್ತದೆ.

ಮೂರನೆಯದು ಲಿಡೊಕೇನ್ ಪಟ್ಟಿ. ಹಲ್ಲು ಕೀಳುವ ಮೊದಲು ಮರಗಟ್ಟಿಸಲು ಚುಚ್ಚುತ್ತಾರಲ್ಲ, ಅದೇ ಔಷಧಿ. ಸರ್ಪಸುತ್ತು ವಾಸಿಯಾದ ಮೇಲೂ ತಿಂಗಳುಗಟ್ಟಲೆ ಉಳಿಯುವ, ಬಟ್ಟೆ ತಾಗಿದರೂ ಬೆಂಕಿ ತಾಗಿದಂತಾಗುವ ನೋವಿಗೆ ಅಮೆರಿಕದಲ್ಲಿ 1999ರಲ್ಲಿ ಇದಕ್ಕೆ ಒಪ್ಪಿಗೆ ದೊರೆಯಿತು. ಗಾಯವಿಲ್ಲದ ಚರ್ಮಕ್ಕೆ 12 ಗಂಟೆ ಹಾಕಿ, ಮುಂದಿನ 12 ಗಂಟೆ ಬಿಡುವು ಕೊಡಬೇಕು.

ನಾಲ್ಕನೆಯದು ಫೆಂಟನಿಲ್ ಮತ್ತು ಬ್ಯುಪ್ರಿನಾರ್ಫಿನ್ ಪಟ್ಟಿ. ಇವು ಮಾರ್ಫಿನ್ ಕುಟುಂಬಕ್ಕೆ ಸೇರಿದವು. ಮೊದಲ ಮೂರು ಬಗೆ ಮುಖ್ಯವಾಗಿ ಹಚ್ಚಿದ ಜಾಗದಲ್ಲೇ ಕೆಲಸ ಮಾಡುತ್ತವೆ. ನಾಲ್ಕನೆಯದಕ್ಕೆ ನೀವು ಎಲ್ಲಿ ಹಚ್ಚಿದಿರಿ ಎಂಬುದರ ಲೆಕ್ಕವಿಲ್ಲ. ಎದೆಗೆ ಹಚ್ಚಿದರೂ ಬೆನ್ನಿಗೆ ಹಚ್ಚಿದರೂ ಅದು ರಕ್ತಕ್ಕೆ ಸೇರಿ, ಮಿದುಳು ಮತ್ತು ಬೆನ್ನುಹುರಿಗೆ ಹೋಗಿ ಅಲ್ಲಿ ನೋವನ್ನು ತಡೆಯುತ್ತದೆ. ಉಸಿರಾಟವನ್ನು ನಡೆಸುವ ಕೇಂದ್ರವೂ ಅದೇ ಮಿದುಳಿನಲ್ಲಿದೆ. ಮೇಷ್ಟ್ರ ಮಂಡಿಯ ಮೇಲಿದ್ದ ಪಟ್ಟಿ ಮಂಡಿಗೆ ವಿಶೇಷವಾಗಿ ಏನನ್ನೂ ಮಾಡಲಿಲ್ಲ, ಉಸಿರನ್ನು ಹಿಡಿಯತೊಡಗಿತ್ತು.

ಮಾತ್ರೆ ಸಾಗುವ ದಾರಿ

ನುಂಗಿದ ಮಾತ್ರೆ ಜಠರದಲ್ಲಿ ಕರಗಿ, ಕರುಳಿನಲ್ಲಿ ಹೀರಲ್ಪಟ್ಟು, ಅಲ್ಲಿಂದ ನೇರವಾಗಿ ಯಕೃತ್ತಿಗೆ, ಅಂದರೆ ಲಿವರಿಗೆ ಹೋಗುತ್ತದೆ. ಲಿವರ್ ನಮ್ಮ ದೇಹದ ಸುಂಕದ ಕಟ್ಟೆ. ಒಳಬರುವ ಪ್ರತಿಯೊಂದು ಸರಕನ್ನೂ ತಪಾಸಣೆ ಮಾಡಿ ತನ್ನ ಪಾಲು ಮುರಿದುಕೊಂಡೇ ಮುಂದೆ ಬಿಡುತ್ತದೆ. ಡೈಕ್ಲೊಫೆನಾಕ್ ಮಾತ್ರೆಯಲ್ಲಿ ಸುಮಾರು ಅರ್ಧದಷ್ಟು ಇಲ್ಲೇ ಕಳೆದುಹೋಗುತ್ತದೆ. ಮಾರ್ಫಿನ್ ಮಾತ್ರೆಯಲ್ಲಂತೂ ರಕ್ತಕ್ಕೆ ಸೇರುವುದು ಸರಿಸುಮಾರು ಮೂರರಲ್ಲಿ ಒಂದು ಪಾಲು. ಅದಕ್ಕೇ ಮಾರ್ಫಿನ್ ಬಾಯಿಯ ಮೂಲಕ ಕೊಡುವಾಗ ಅಳತೆ ಚುಚ್ಚುಮದ್ದಿಗಿಂತ ಮೂರು ಪಟ್ಟು ಇರುತ್ತದೆ. ಸುಂಕ ಕಳೆದು ಎಷ್ಟು ಉಳಿಯುತ್ತದೆಂದು ಗೊತ್ತಿರುವುದರಿಂದ ಅಷ್ಟು ಹೆಚ್ಚಾಗಿಯೇ ಕೊಡುತ್ತಾರೆ. ಇದು ಮಾತ್ರೆಯ ದೋಷವೇನಲ್ಲ.

ಮಾತ್ರೆಯಿಂದ ಹೊಟ್ಟೆ ಕೆಡುತ್ತದೆ ಎಂಬ ಮಾತು ಎಲ್ಲ ನೋವಿನ ಮಾತ್ರೆಗಳಿಗೂ ಅನ್ವಯಿಸುವುದಿಲ್ಲ. ಡೈಕ್ಲೊಫೆನಾಕ್, ಐಬುಪ್ರೊಫೇನ್ ಗುಂಪಿನವು ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುವಿನ ತಯಾರಿಯನ್ನು ತಡೆಯುತ್ತವೆ. ಈ ವಸ್ತು ಊತಕ್ಕೆ, ನೋವಿಗೆ ಕಾರಣ ನಿಜ. ಆದರೆ ಜಠರದ ಒಳಪದರವನ್ನು ಆಮ್ಲದಿಂದ ಕಾಯುವುದೂ ಅದೇ, ಮೂತ್ರಪಿಂಡಕ್ಕೆ ರಕ್ತ ಸರಾಗವಾಗಿ ಹರಿಯುವಂತೆ ನೋಡಿಕೊಳ್ಳುವುದೂ ಅದೇ. ಹಾಗಾಗಿ ಹುಣ್ಣಾಗಲು ಮಾತ್ರೆ ಜಠರವನ್ನು ಮುಟ್ಟಲೇಬೇಕೆಂದಿಲ್ಲ. ರಕ್ತದಲ್ಲಿ ಔಷಧಿ ಏರಿದರೆ ಸಾಕು. "ಮಾತ್ರೆ ಬೇಡ, ಇಂಜೆಕ್ಷನ್ ಕೊಡಿ, ಹೊಟ್ಟೆಗೆ ಒಳ್ಳೆಯದು" ಎನ್ನುವವರು ಇದನ್ನು ಗಮನಿಸಬೇಕು.

ಮಾತ್ರೆಯ ದೊಡ್ಡ ಗುಣವೆಂದರೆ ಅದು ಬೇಗ ಹತೋಟಿಗೆ ಸಿಗುತ್ತದೆ. ಸಾಮಾನ್ಯ ಮಾರ್ಫಿನ್ ಮಾತ್ರೆ ಅರ್ಧ ಗಂಟೆಯೊಳಗೆ ಕೆಲಸ ಶುರುಮಾಡಿ ನಾಲ್ಕು ಗಂಟೆಯ ಹೊತ್ತಿಗೆ ಇಳಿಯುತ್ತದೆ. ನೋವು ಉಳಿದರೆ ವೈದ್ಯರು ಅಳತೆ ಏರಿಸಬಹುದು, ಮಂಪರು ಹೆಚ್ಚಾದರೆ ಇಳಿಸಬಹುದು. ಮಾತ್ರೆ ಕೊಡಲು ನರ್ಸು ಬೇಕಿಲ್ಲ, ಮನೆಯ ಮಗಳು ಸಾಕು.

ಚರ್ಮವೆಂಬ ಕೋಟೆ

ಚರ್ಮದ ಹೊರಪದರ ತಲೆಗೂದಲಿಗಿಂತ ತೆಳುವಾದದ್ದು. ಆದರೂ ಅದನ್ನು ದಾಟುವುದು ಸುಲಭವಲ್ಲ. ಸತ್ತ ಜೀವಕೋಶಗಳು ಇಟ್ಟಿಗೆಯಂತೆ, ನಡುವಿನ ಕೊಬ್ಬು ಗಾರೆಯಂತೆ ಸೇರಿ ಕಟ್ಟಿದ ಗೋಡೆ ಅದು. ನೀರು ಒಳಗೆ ಬರಬಾರದು, ಹೊರಗೂ ಹೋಗಬಾರದು ಎಂದೇ ಅದರ ರಚನೆ. ಅಣು ಬಹಳ ಚಿಕ್ಕದಾಗಿದ್ದು, ಕೊಬ್ಬಿನಲ್ಲಿ ಕರಗುವಂಥದ್ದಾಗಿದ್ದರೆ ಮಾತ್ರ ನುಸುಳಬಹುದು. ಹಾಗೆ ನುಸುಳುವುದೂ ದಿನಕ್ಕೆ ಕೆಲವು ಮಿಲಿಗ್ರಾಂ ಅಷ್ಟೆ. ಪ್ಯಾರಾಸಿಟಮಾಲ್ ಒಂದು ಹೊತ್ತಿಗೆ 500 ಮಿಲಿಗ್ರಾಂ ಬೇಕು. ಅಷ್ಟನ್ನು ಚರ್ಮದ ಮೂಲಕ ಸಾಗಿಸಲು ಸಾಧ್ಯವೇ ಇಲ್ಲ. ಎಲ್ಲ ಮಾತ್ರೆಗಳಿಗೂ ಬದಲಾಗಿ ಒಂದು ಪಟ್ಟಿ ಬಂದೀತು ಎಂದು ಕಾಯುವವರಿಗೆ ಇದೇ ಉತ್ತರ.

ಚರ್ಮದ ಮೂಲಕ ಇಡೀ ದೇಹಕ್ಕೆ ಔಷಧಿ ಕೊಡುವ ಪಟ್ಟಿಗೆ ಅಮೆರಿಕದಲ್ಲಿ ಮೊದಲು ಒಪ್ಪಿಗೆ ಸಿಕ್ಕಿದ್ದು 1979ರಲ್ಲಿ. ಅದು ಪ್ರಯಾಣದ ವಾಂತಿ ತಡೆಯಲು ಕಿವಿಯ ಹಿಂದೆ ಅಂಟಿಸುವ ಸ್ಕೊಪೊಲಮಿನ್ ಪಟ್ಟಿ. ಬೆಲ್ಜಿಯಂನ ಪಾಲ್ ಯಾನ್ಸನ್ ಅವರ ಪ್ರಯೋಗಾಲಯದಲ್ಲಿ 1960ರ ಸುಮಾರಿಗೆ ತಯಾರಾದ ಫೆಂಟನಿಲ್, ಪಟ್ಟಿಯಾಗಿ ಅಲ್ಲಿ ಒಪ್ಪಿಗೆ ಪಡೆದದ್ದು 1990ರಲ್ಲಿ. ತೂಕಕ್ಕೆ ತೂಕ ಇಟ್ಟು ನೋಡಿದರೆ ಫೆಂಟನಿಲ್‌ನ ಶಕ್ತಿ ಮಾರ್ಫಿನ್‌ನ ಸುಮಾರು ನೂರು ಪಟ್ಟು. ಕೋಟೆಯನ್ನು ದಾಟಿದ ಚಿಟಿಕೆಯಷ್ಟೇ ಸಾಕಾಗುವುದು ಈ ಕಾರಣದಿಂದ. ಗಂಟೆಗೆ 25 ಮೈಕ್ರೊಗ್ರಾಂ ಬಿಡುವ ಒಂದು ಪಟ್ಟಿ, ದಿನಕ್ಕೆ ಕನಿಷ್ಠ 60 ಮಿಲಿಗ್ರಾಂ ಮಾರ್ಫಿನ್ ನುಂಗುತ್ತಿರುವವರಿಗೆ ಕೊಡುವ ಅಳತೆ. ಅಂಥ ಔಷಧಿಯನ್ನು ಎಂದೂ ಮುಟ್ಟದ ಮುದುಕರ ಮೈಗೆ ಅದು ತೀರಾ ಹೆಚ್ಚು.

ಇನ್ನೊಂದು ವಿಷಯ. ಪಟ್ಟಿಯ ಔಷಧಿ ಮೊದಲು ಚರ್ಮದ ಪದರಗಳಲ್ಲಿ ಶೇಖರವಾಗಿ, ಅಲ್ಲಿಂದ ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ. ಹಚ್ಚಿದ ಮೇಲೆ ಪೂರ್ತಿ ಪರಿಣಾಮ ಕಾಣಲು 12ರಿಂದ 24 ಗಂಟೆ ಬೇಕು. ಹಾಗೆಯೇ ಕಿತ್ತ ಮೇಲೂ ರಕ್ತದಲ್ಲಿನ ಔಷಧಿ ಅರ್ಧಕ್ಕಿಳಿಯಲು ಸುಮಾರು 17 ಗಂಟೆ ಹಿಡಿಯುತ್ತದೆ. ಒಲೆ ಆರಿಸಿದರೂ ಕೆಂಡ ಆರದು. ಮೇಷ್ಟ್ರ ಮಂಡಿಯಿಂದ ಪಟ್ಟಿ ತೆಗೆದ ಮೇಲೂ ಒಂದೂವರೆ ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡದ್ದು ಇದಕ್ಕಾಗಿಯೇ.

ಮಂಡಿ, ಕೈಬೆರಳು, ಉಳುಕು

ಈಗ ದಿನನಿತ್ಯದ ನೋವಿಗೆ ಬರೋಣ. ಸವೆದ ಮಂಡಿ, ಕೈಬೆರಳ ಗಂಟು, ಉಳುಕಿದ ಕಾಲು ಎಲ್ಲವೂ ಚರ್ಮದ ಸಮೀಪದಲ್ಲೇ ಇರುವಂಥವು. ಇಂಥ ಕಡೆ ಡೈಕ್ಲೊಫೆನಾಕ್ ಜೆಲ್ ಹಚ್ಚಿದರೆ ಔಷಧಿ ಬೇಕಾದ ಜಾಗಕ್ಕೆ ಇಳಿಯುತ್ತದೆ. ರಕ್ತಕ್ಕೆ ಸೇರುವುದು ಮಾತ್ರೆಯಿಂದ ಸೇರುವುದರ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ. ಜಠರ, ಮೂತ್ರಪಿಂಡಗಳಿಗೆ ಅಷ್ಟರ ಮಟ್ಟಿಗೆ ಬಿಡುವು. ಅಮೆರಿಕದ ಕೀಲುರೋಗ ತಜ್ಞರ ಸಂಸ್ಥೆ 2019ರಲ್ಲಿ, ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ ಮಂಡಿ ಸವೆತಕ್ಕೆ ಹಚ್ಚುವ ಔಷಧಿಯನ್ನೇ ಶಿಫಾರಸು ಮಾಡಿವೆ. ದುಬಾರಿ ಪಟ್ಟಿಯೇ ಆಗಬೇಕೆಂದಿಲ್ಲ. ಸಾಮಾನ್ಯ ಜೆಲ್ ಸಾಕು. ಸೊಂಟದ ಕೀಲಿನಂತೆ ಆಳದಲ್ಲಿರುವ ಜಾಗಕ್ಕೆ ಮಾತ್ರ ಇದು ಮುಟ್ಟುವುದಿಲ್ಲ.

ಆದರೆ ನಮ್ಮಲ್ಲಿ ಆಗುವುದೇನು? ಅಂಗಡಿಯವನಿಗೆ "ಕಾಲುನೋವಿಗೆ ಒಂದು ಮಾತ್ರೆ ಕೊಡಪ್ಪಾ" ಎಂದರೆ ಎರಡು ಮೂರು ಔಷಧಿ ಬೆರೆತ ಮಾತ್ರೆಯ ಒಂದು ಹಾಳೆ ಕೈಗೆ ಬರುತ್ತದೆ. ನೋವು ಇಳಿಯುತ್ತದೆ, ಮತ್ತೆ ತರುತ್ತಾರೆ. ಹೀಗೆ ನಾಲ್ಕೈದು ವರ್ಷ. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವ ವಯಸ್ಸಾದವರಲ್ಲಿ ಈ ಅಭ್ಯಾಸ ಮೂತ್ರಪಿಂಡವನ್ನು ಸದ್ದಿಲ್ಲದೆ ಕೆಡಿಸುತ್ತದೆ. ಕಪ್ಪಗೆ ಮಲ ಹೋಗುತ್ತಿದೆ ಎಂದು ಬಂದವರಲ್ಲಿ ಜಠರದ ಹುಣ್ಣಿನ ರಕ್ತಸ್ರಾವ ಕಂಡದ್ದೂ ಉಂಟು. ಹೃದಯಕ್ಕೂ ಅಪಾಯವಿದೆ. ಹೊಟ್ಟೆಗೆ ಹಿತವೆಂದು ಹೆಸರಾಗಿದ್ದ ರೊಫೆಕಾಕ್ಸಿಬ್ ಎಂಬ ಮಾತ್ರೆಯನ್ನು ಹೃದಯಾಘಾತದ ಕಾರಣದಿಂದ 2004ರಲ್ಲಿ ಮಾರುಕಟ್ಟೆಯಿಂದಲೇ ಹಿಂತೆಗೆದುಕೊಂಡದ್ದು ಹಳೆಯ ಓದುಗರಿಗೆ ನೆನಪಿರಬಹುದು.

ಹಚ್ಚುವ ಔಷಧಿಗೂ ಮಿತಿಗಳಿವೆ. ಗಾಯದ ಮೇಲೆ ಹಚ್ಚಬಾರದು. ಆಸ್ಪಿರಿನ್ ತೆಗೆದುಕೊಂಡರೆ ದಮ್ಮು ಬರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಬಳಸಬಾರದು. ಜೆಲ್ ಹಚ್ಚಿ, ಅದರ ಜೊತೆ ಅದೇ ಔಷಧಿಯ ಮಾತ್ರೆಯನ್ನೂ ನುಂಗಿದರೆ ಉಳಿಸಿದ್ದೇನೂ ಇಲ್ಲ. ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ, ನಾಲ್ಕು ಕಿಲೋ ತೂಕ ಇಳಿಸುವುದು ಇವುಗಳಿಗೆ ಪಟ್ಟಿಯೂ ಬದಲಿಯಲ್ಲ, ಮಾತ್ರೆಯೂ ಬದಲಿಯಲ್ಲ.

ಅರ್ಧ ಮುದ್ದೆ ನುಂಗುವ ತಾಯಿ

ಮೇಷ್ಟ್ರ ಪ್ರಸಂಗ ನಡೆದ ತಿಂಗಳಲ್ಲೇ ತಿಪಟೂರಿನ ಕಡೆಯ ಯುವಕನೊಬ್ಬ ತಾಯಿಯ ಕಾಗದಗಳನ್ನು ಹಿಡಿದು ಬಂದ. ತಾಯಿಗೆ ಸ್ತನದ ಕ್ಯಾನ್ಸರ್, ಬೆನ್ನುಮೂಳೆಗೆ ಹರಡಿದೆ. ಚಿಕಿತ್ಸೆ ಮಾಡಿದ ಆಸ್ಪತ್ರೆಯವರು ನೋವಿಗೆ ಫೆಂಟನಿಲ್ ಪಟ್ಟಿ ಬರೆದುಕೊಟ್ಟಿದ್ದರು. ಮೂರು ದಿನಕ್ಕೊಂದು ಪಟ್ಟಿ, ಒಂದೊಂದಕ್ಕೂ ನೂರಾರು ರೂಪಾಯಿ. ಅಟ್ಟದಲ್ಲಿದ್ದ ಕೊಬ್ಬರಿಯನ್ನು ಧಾರಣೆ ನೋಡದೆ ಮಾರಿದ್ದಾಯಿತು. ಈಗ ಒಂದು ಪಟ್ಟಿಯನ್ನು ಆರು ದಿನ ಇಡುತ್ತಿದ್ದಾನೆ. "ಮೊದಲ ಮೂರು ದಿನ ಅಮ್ಮ ಮಲಗ್ತಾರೆ ಸಾರ್. ಆಮೇಲೆ ಮೂರು ದಿನ ಗೋಡೆ ಹಿಡಕೊಂಡು ಕೂತಿರ್ತಾರೆ."

"ಅಮ್ಮ ಊಟ ಮಾಡ್ತಾರೇನಪ್ಪಾ?" ಎಂದೆ.

"ಮಾಡ್ತಾರೆ ಸಾರ್. ಅರ್ಧ ಮುದ್ದೆ ನುಂಗ್ತಾರೆ."

ಅರ್ಧ ಮುದ್ದೆ ನುಂಗುವ ತಾಯಿಗೆ ಒಂದು ಪುಟ್ಟ ಮಾತ್ರೆ ನುಂಗಲು ಏನು ಕಷ್ಟ? ವಿಶ್ವ ಆರೋಗ್ಯ ಸಂಸ್ಥೆ ಕ್ಯಾನ್ಸರ್ ನೋವಿನ ಬಗ್ಗೆ 1986ರಲ್ಲೇ ಸರಳ ಸೂತ್ರ ಹೇಳಿತ್ತು: ಸಾಧ್ಯವಾದಷ್ಟೂ ಬಾಯಿಯ ಮೂಲಕವೇ ಕೊಡಿ, ನೋವು ಬರಲೆಂದು ಕಾಯದೆ ಗಡಿಯಾರ ನೋಡಿ ಕೊಡಿ. 2018ರ ಹೊಸ ಮಾರ್ಗಸೂಚಿಯಲ್ಲಿ ಹಲವು ಮಾತು ಬದಲಾದವು, ಆದರೆ ಈ ಎರಡು ಬದಲಾಗಲಿಲ್ಲ. ಮಾರ್ಫಿನ್ ಮಾತ್ರೆಯ ಬೆಲೆ ಒಂದಕ್ಕೆ ಕೆಲವೇ ರೂಪಾಯಿ. ನೋವು ಏರಿಳಿಯುತ್ತಿರುವಾಗ ಸರಿಯಾದ ಅಳತೆ ಯಾವುದೆಂದು ಕಂಡುಹಿಡಿಯಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಏರಿಸಿದ್ದು ಗೊತ್ತಾಗಲು ಒಂದು ದಿನ, ಇಳಿಸಿದ್ದು ಗೊತ್ತಾಗಲು ಇನ್ನೊಂದು ದಿನ ಹಿಡಿಯುವ ಪಟ್ಟಿಯಿಂದ ಆ ಕೆಲಸ ಆಗದು. ಪಟ್ಟಿ ಹಾಕಿಕೊಂಡವರಿಗೂ ನಡುವೆ ಒಮ್ಮೆಲೇ ನೋವು ಎದ್ದರೆ ಬೇಗ ಕೆಲಸ ಮಾಡುವ ಔಷಧಿ ಕೈಗೆಟುಕುವಂತಿರಬೇಕು. ಅಂದರೆ ಪಟ್ಟಿ ಬಂದರೂ ಮಾತ್ರೆ ತಪ್ಪುವುದಿಲ್ಲ.

ಯುವಕನನ್ನು ನೋವಿನ ಚಿಕಿತ್ಸೆಯ ವಿಭಾಗವಿರುವ ಆಸ್ಪತ್ರೆಗೆ ಕಳುಹಿಸಿದೆ. ಅಲ್ಲಿಯ ವೈದ್ಯರು ಲೆಕ್ಕ ಹಾಕಿ, ಪಟ್ಟಿಯ ಔಷಧಿ ಇಳಿಯುವ ಹೊತ್ತು ನೋಡಿಕೊಂಡು, ಮಾತ್ರೆಗೆ ಬದಲಾಯಿಸಿದರು. ತಾಯಿಯ ಕಾಯಿಲೆ ವಾಸಿಯಾಗಲಿಲ್ಲ. ಆದರೆ ಆಕೆ ರಾತ್ರಿ ನಿದ್ದೆ ಮಾಡುತ್ತಾರೆ, ಮೊಮ್ಮಗಳಿಗೆ ಜಡೆ ಹಾಕುತ್ತಾರೆ ಎಂದು ಮಗ ಫೋನ್ ಮಾಡಿ ಹೇಳಿದ.

ಮಾರ್ಫಿನ್ ಎಂದೊಡನೆ ಮನೆಯವರು ಬೆಚ್ಚುತ್ತಾರೆ. "ಚಟ ಹಿಡಿಯುತ್ತಲ್ಲಾ?" ಎನ್ನುತ್ತಾರೆ. ನೋವಿಗೆಂದು, ಅಳತೆ ನೋಡಿ, ವೈದ್ಯರ ಕಣ್ಣೆದುರಿಗೆ ಕೊಡುವ ಕ್ಯಾನ್ಸರ್ ರೋಗಿಗೆ ಚಟ ಹಿಡಿಯುವುದು ಅಪರೂಪ. "ಇದು ಕೊನೇ ಔಷಧಿಯಾ?" ಎಂದು ಅಳುತ್ತಾರೆ. ಮಾರ್ಫಿನ್ ಸಾವಿನ ಸೂಚನೆಯಲ್ಲ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ತೆಗೆದುಕೊಂಡು ಓಡಾಡಿಕೊಂಡಿರುವವರಿದ್ದಾರೆ. ನಿಜವಾದ ತೊಂದರೆ ಮಲಬದ್ಧತೆ. ಅದು ಬಹುತೇಕ ಎಲ್ಲರಿಗೂ ಆಗುತ್ತದೆ. ಆದ್ದರಿಂದ ಮಾರ್ಫಿನ್ ಶುರುವಾದ ದಿನವೇ ಮಲ ಸಡಿಲಿಸುವ ಔಷಧಿಯೂ ಶುರುವಾಗಬೇಕು.

ಅಗ್ಗದ ಮಾತ್ರೆ ಸಿಗುವುದಿಲ್ಲವೇಕೆ?

ಹಬ್ಬಕ್ಕೆ ನಾವು ಪಾಯಸ ಮಾಡುವ ಗಸಗಸೆ ಯಾವ ಗಿಡದ್ದೋ, ಆ ಗಿಡದ ಹಸಿ ಕಾಯಿಯ ಹಾಲೇ ಅಫೀಮು. ಅಫೀಮಿನಿಂದ ಮಾರ್ಫಿನ್. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಸರ್ಕಾರದ ಪರವಾನಗಿ ಪಡೆದ ರೈತರು ಇದನ್ನು ಬೆಳೆಯುತ್ತಾರೆ. ಘಾಜಿಪುರ ಮತ್ತು ನೀಮಚ್‌ನಲ್ಲಿ ಸರ್ಕಾರದ ಕಾರ್ಖಾನೆಗಳಿವೆ. ಬೆಳೆ ನಮ್ಮದು, ಕಾರ್ಖಾನೆ ನಮ್ಮದು. ನಮ್ಮ ರೋಗಿಗೆ ಮಾತ್ರ ಮಾತ್ರೆ ಸಿಗುವುದಿಲ್ಲ.

1985ರ ಮಾದಕ ವಸ್ತುಗಳ ಕಾಯ್ದೆ ಕಳ್ಳಸಾಗಣೆಯನ್ನು ತಡೆಯಲು ಬಂತು. ಅದರ ಕಠಿಣ ಶಿಕ್ಷೆಗೆ, ಹತ್ತಾರು ಪರವಾನಗಿಗಳಿಗೆ ಹೆದರಿ ಆಸ್ಪತ್ರೆಗಳು, ಅಂಗಡಿಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 1997ರಲ್ಲಿ ಇಡೀ ದೇಶದ ಚಿಕಿತ್ಸೆಗೆ ಬಳಕೆಯಾದ ಮಾರ್ಫಿನ್ ಕೇವಲ 18 ಕಿಲೋ. ನೋವಿನ ಚಿಕಿತ್ಸೆಯ ವೈದ್ಯರು ವರ್ಷಗಟ್ಟಲೆ ಹೋರಾಡಿದ ಮೇಲೆ 2014ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯಿತು. ಮಾರ್ಫಿನ್, ಫೆಂಟನಿಲ್ ಸೇರಿ ಆರು ಔಷಧಿಗಳನ್ನು 2015ರಲ್ಲಿ ಅಗತ್ಯ ಔಷಧಿಗಳೆಂದು ಘೋಷಿಸಲಾಯಿತು. ಹಲವು ಪರವಾನಗಿಗಳ ಬದಲು, ಮಾನ್ಯತೆ ಪಡೆದ ಆಸ್ಪತ್ರೆಯೊಂದು ಇವನ್ನು ಇಟ್ಟುಕೊಳ್ಳಬಹುದು ಎಂದಾಯಿತು. ಆದರೂ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಆಯೋಗ ಲೆಕ್ಕ ಹಾಕಿದಾಗ, ಭಾರತದ ರೋಗಿಗಳಿಗೆ ಸಿಗುತ್ತಿದ್ದದ್ದು ಅಗತ್ಯದ ನೂರರಲ್ಲಿ ನಾಲ್ಕು ಪಾಲು.

ಕಾನೂನು ಸಡಿಲವಾದರೂ ಮಾತ್ರೆ ಏಕೆ ಬರಲಿಲ್ಲ? ನನ್ನ ಅಭಿಪ್ರಾಯ ಇಷ್ಟು. ಅಗ್ಗದ ಮಾತ್ರೆಯ ಪರವಾಗಿ ಮಾತನಾಡುವವರಿಲ್ಲ. ದುಬಾರಿ ಪಟ್ಟಿಯ ಗುಣಗಾನ ಮಾಡಲು ಕಂಪನಿಯ ಪ್ರತಿನಿಧಿ ವೈದ್ಯರ ಬಾಗಿಲಿಗೆ ಬರುತ್ತಾನೆ. ಕೆಲವು ರೂಪಾಯಿಯ ಮಾರ್ಫಿನ್‌ಗಾಗಿ ಯಾರೂ ಬರುವುದಿಲ್ಲ. ಮಾತ್ರೆಗೆ ದಾಖಲೆ ಪುಸ್ತಕ ಬರೆಯಬೇಕು, ಲೆಕ್ಕ ಒಪ್ಪಿಸಬೇಕು. ಲಾಭ ಮಾತ್ರ ಇಲ್ಲ. ನಾವು ವೈದ್ಯರಲ್ಲೂ ಅನೇಕರು ಕಾಲೇಜಿನಲ್ಲಿ ಮಾರ್ಫಿನ್ ಬರೆಯುವುದನ್ನು ಕೈಹಿಡಿದು ಕಲಿತವರಲ್ಲ. ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ.

ಹಾಗಲ್ಲದೆ ಮಾಡಿ ತೋರಿಸಿದವರೂ ಇದ್ದಾರೆ. ನೆರೆಯ ಕೇರಳದಲ್ಲಿ 1993ರಲ್ಲಿ ಕಲ್ಲಿಕೋಟೆ ವೈದ್ಯಕೀಯ ಕಾಲೇಜಿನಲ್ಲಿ ಶುರುವಾದ ಪುಟ್ಟ ನೋವಿನ ಕ್ಲಿನಿಕ್, ಊರ ಜನರನ್ನೇ ಸ್ವಯಂಸೇವಕರನ್ನಾಗಿ ಮಾಡಿಕೊಂಡು ಮನೆಮನೆಗೆ ಮಾರ್ಫಿನ್ ಮತ್ತು ಆರೈಕೆಯನ್ನು ಮುಟ್ಟಿಸುವ ಚಳವಳಿಯಾಯಿತು. ನಮ್ಮ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ನೋವಿನ ಚಿಕಿತ್ಸೆಯ ವಿಭಾಗವಿದೆ. ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುವ ಕರುಣಾಶ್ರಯವಿದೆ. ಆದರೆ ಪಾವಗಡದ ರೋಗಿ, ಸಿಂಧನೂರಿನ ರೋಗಿ ನೋವು ಹೊತ್ತುಕೊಂಡು ಎಷ್ಟು ಸಲ ಬೆಂಗಳೂರಿನ ಬಸ್ಸು ಹತ್ತಬೇಕು? ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ, ಅಲ್ಲಿಂದ ಮುಂದೆ ತಾಲ್ಲೂಕು ಆಸ್ಪತ್ರೆಯಲ್ಲೂ ಮಾರ್ಫಿನ್ ಮಾತ್ರೆ ವರ್ಷವಿಡೀ ಸಿಗಬೇಕು. ಅದನ್ನು ಬರೆಯಲು ತರಬೇತಿಯಾದ ಒಬ್ಬ ವೈದ್ಯರು ಅಲ್ಲಿರಬೇಕು. ಇದಕ್ಕೆ ದೊಡ್ಡ ಯಂತ್ರ ಬೇಡ, ಕಟ್ಟಡ ಬೇಡ. ಬೀಗವಿರುವ ಒಂದು ಬೀರು, ಒಂದು ದಾಖಲೆ ಪುಸ್ತಕ ಸಾಕು.

ಪಟ್ಟಿಯೇ ಬೇಕಾದಾಗ

ಇಷ್ಟೆಲ್ಲ ಹೇಳಿದ್ದು ಪಟ್ಟಿಯನ್ನು ಜರೆಯಲು ಅಲ್ಲ. ಗಂಟಲು, ಅನ್ನನಾಳದ ಕ್ಯಾನ್ಸರಿನಿಂದ ಒಂದು ಗುಟುಕು ನೀರೂ ಇಳಿಯದವರಿಗೆ, ಎಡೆಬಿಡದೆ ವಾಂತಿಯಾಗುವವರಿಗೆ, ಕರುಳು ಕಟ್ಟಿದವರಿಗೆ ಪಟ್ಟಿ ವರವೇ ಸರಿ. ಮೂತ್ರಪಿಂಡ ಸೋತವರಲ್ಲಿ ಮಾರ್ಫಿನ್‌ನ ಅಂಶಗಳು ದೇಹದಲ್ಲಿ ಉಳಿದು ತೊಂದರೆ ಕೊಡುತ್ತವೆ. ಅಂಥವರಿಗೂ ಫೆಂಟನಿಲ್ ಅಥವಾ ಬ್ಯುಪ್ರಿನಾರ್ಫಿನ್ ವಾಸಿ. ನೋವು ಒಂದು ಮಟ್ಟಕ್ಕೆ ನಿಂತಿದ್ದು, ದಿನಕ್ಕೆ ಆರು ಸಲ ಮಾತ್ರೆ ಕೊಡಲು ಮನೆಯಲ್ಲಿ ಯಾರೂ ಇಲ್ಲದಿದ್ದರೆ, ಹಣದ ಅನುಕೂಲವಿದ್ದರೆ ಪಟ್ಟಿ ಒಗ್ಗುತ್ತದೆ. ವೈದ್ಯರು ಪಟ್ಟಿ ಬರೆದಾಗ ಮನೆಯವರು ಒಂದೇ ಪ್ರಶ್ನೆ ಕೇಳಲಿ: "ಇವರು ನುಂಗಬಲ್ಲರು, ಮಾತ್ರೆ ಏಕೆ ಆಗುವುದಿಲ್ಲ ಡಾಕ್ಟ್ರೇ?" ಸರಿಯಾದ ಕಾರಣವಿದ್ದರೆ ವೈದ್ಯರು ಹೇಳುತ್ತಾರೆ.

ಮನೆಯಲ್ಲಿ ಫೆಂಟನಿಲ್ ಪಟ್ಟಿ ಇದ್ದರೆ

ಪಟ್ಟಿಯನ್ನು ಕತ್ತರಿಸಿ ಅರ್ಧ ಹಾಕಬೇಡಿ. ಹೊಸದನ್ನು ಹಾಕುವ ಮೊದಲು ಹಳೆಯದು ಮೈಮೇಲೆ ಉಳಿದಿಲ್ಲವೆಂದು ನೋಡಿ. ಹಾಕಿದ ದಿನ, ಹೊತ್ತನ್ನು ಕ್ಯಾಲೆಂಡರಿನಲ್ಲಿ ಬರೆಯಿರಿ. ಪ್ರತಿಸಲ ಜಾಗ ಬದಲಿಸಿ.

ಪಟ್ಟಿಯ ಮೇಲೆ ಬಿಸಿನೀರಿನ ಚೀಲ, ಶಾಖ, ಬಿಸಿಲು ಬೇಡ. ಶಾಖಕ್ಕೆ ಔಷಧಿ ಹೆಚ್ಚಾಗಿ ಒಳಗಿಳಿಯುತ್ತದೆ. ಜೋರಾಗಿ ಜ್ವರ ಬಂದರೆ ವೈದ್ಯರಿಗೆ ತಿಳಿಸಿ. ಎಂಆರ್‌ಐ ಮಾಡಿಸುವುದಿದ್ದರೆ ಪಟ್ಟಿ ಇರುವುದನ್ನು ಮೊದಲೇ ಹೇಳಿ; ಕೆಲವು ಪಟ್ಟಿಗಳಲ್ಲಿ ಲೋಹದ ಪದರವಿದ್ದು ಚರ್ಮ ಸುಡಬಹುದು.

ಬಳಸಿದ ಪಟ್ಟಿಯಲ್ಲೂ ಔಷಧಿ ಸಾಕಷ್ಟು ಉಳಿದಿರುತ್ತದೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ 2012ರಲ್ಲಿ ಹಿಂದಿನ 15 ವರ್ಷಗಳ ದಾಖಲೆ ತೆಗೆದು ನೋಡಿದಾಗ ಮಕ್ಕಳಿಗೆ ಆಕಸ್ಮಿಕವಾಗಿ ಈ ಪಟ್ಟಿ ಸಿಕ್ಕ 26 ಪ್ರಕರಣಗಳಿದ್ದವು. ಅವರಲ್ಲಿ 10 ಮಕ್ಕಳು ಸತ್ತಿದ್ದರು. 16 ಮಕ್ಕಳು ಎರಡು ವರ್ಷ ಅಥವಾ ಅದಕ್ಕಿಂತ ಚಿಕ್ಕವರು. ತೆಗೆದ ಪಟ್ಟಿಯನ್ನು ಅಂಟು ಒಳಮುಖವಾಗುವಂತೆ ಮಡಚಿ, ಮಕ್ಕಳ ಕೈಗೆಟುಕದ ಕಡೆ ಇಟ್ಟು, ಕೊಟ್ಟ ಆಸ್ಪತ್ರೆಗೇ ಮರಳಿಸಿ. ರೋಗಿ ತೀರಿಕೊಂಡ ಮೇಲೆ ಉಳಿದ ಪಟ್ಟಿ, ಮಾತ್ರೆಗಳನ್ನೂ ಹಾಗೆಯೇ ಮರಳಿಸಿ. ದುಃಖದ ಮನೆಯಲ್ಲಿ ಇದು ನೆನಪಾಗುವುದು ಕಷ್ಟ. ಹತ್ತಿರದ ನೆಂಟರೊಬ್ಬರು ಈ ಹೊಣೆ ಹೊತ್ತುಕೊಳ್ಳಲಿ.

ಪಟ್ಟಿ ಹಾಕಿಕೊಂಡವರು ಕರೆದರೆ ಏಳದಿದ್ದರೆ, ಉಸಿರು ನಿಧಾನವಾದರೆ, ಪಟ್ಟಿ ಕಿತ್ತು ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಕಿತ್ತೆವಲ್ಲ, ಇನ್ನೇನು ಎಂದು ಮನೆಯಲ್ಲೇ ಕಾಯಬೇಡಿ.

ಮೇಷ್ಟ್ರು ಈಗ ಮಂಡಿಗೆ ಜೆಲ್ ಹಚ್ಚಿಕೊಂಡು ಬೆಳಗ್ಗೆ ಪಾರ್ಕಿನಲ್ಲಿ ಎರಡು ಸುತ್ತು ಹಾಕುತ್ತಾರೆ. ಹಾದಿಯಲ್ಲಿ ಸಿಕ್ಕವರಿಗೆಲ್ಲ, "ಯಾರಾದರೂ ಪಟ್ಟಿ ಕೊಟ್ಟರೆ ಮೊದಲು ಅದರ ಹೆಸರು ಓದಿ" ಎಂದು ಪಾಠ ಹೇಳುತ್ತಾರೆ. ತಿಪಟೂರಿನ ಆ ಯುವಕ ತಿಂಗಳಿಗೊಮ್ಮೆ ಬೆಂಗಳೂರಿಗೆ ಬಂದು ತಾಯಿಗೆ ಮಾತ್ರೆ ಒಯ್ಯುತ್ತಾನೆ. ಮಾತ್ರೆಗಿಂತ ಬಸ್ ಚಾರ್ಜಿಗೇ ಹೆಚ್ಚು ಖರ್ಚಾಗುತ್ತದೆ. ಅವನ ತಾಲ್ಲೂಕು ಆಸ್ಪತ್ರೆಯಲ್ಲೇ ಆ ಮಾತ್ರೆ ಸಿಗುವ ದಿನ ಬರಬೇಕು. ನಿಮ್ಮ ಊರಿನ ಆಸ್ಪತ್ರೆಯಲ್ಲಿ ಅದು ಇದೆಯೇ ಎಂದು ಈ ವಾರ ಒಮ್ಮೆ ಹೋಗಿ ಕೇಳಿ ನೋಡಿ. ಕೇಳುವವರು ಇದ್ದಾರೆಂದು ಗೊತ್ತಾದರೆ ತರಿಸುವವರೂ ಹುಟ್ಟಿಕೊಂಡಾರು.